ಧರ್ಮಾದಾಯ ಪ್ರತಿಷ್ಠಾನಗಳ ನೆರವು: ಸ್ವಯಂಸೇವಾ ಸಂಸ್ಥೆಗಳು ಅರ್ಜಿ ಸಲ್ಲಿಸುವ ಬಗೆ

(ಪುಣೆಯಲ್ಲಿ ಕನ್ನಡಿಗ ಸ್ವಯಂಸೇವಾ ಕಾರ್ಯಕರ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಪಾಠ)



ಧರ್ಮಾದಾಯ ಪ್ರತಿಷ್ಠಾನಗಳಿಂದ ಧನಸಹಾಯ ಪಡೆಯುವ ಕ್ರಮವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾನು ಲೆಕ್ಕಪರಿಶೋಧಕನಲ್ಲ, ವಕೀಲನೂ ಅಲ್ಲ. ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಅನುವಾದಕ. ಕಾಯ್ದೆ, ನಿಯಮ, ಅಧಿಸೂಚನೆಗಳನ್ನು ಕನ್ನಡಕ್ಕೆ ತರುವುದು ನನ್ನ ವೃತ್ತಿ. ಬಿಡುವಿನ ವೇಳೆಯಲ್ಲಿ ಕೆಲವು ಸಣ್ಣ ಸಂಸ್ಥೆಗಳ ಅರ್ಜಿಗಳನ್ನು ಕನ್ನಡದಿಂದ ಇಂಗ್ಲಿಷಿಗೆ ತಿರುಗಿಸಿಕೊಟ್ಟಿದ್ದೇನೆ. ಅವುಗಳಲ್ಲಿ ಕೆಲವು ಫಲಿಸಿವೆ. ಒಂದು ನನ್ನ ಕೈಯಿಂದಲೇ ಕೆಟ್ಟಿದೆ. ಕೆಟ್ಟ ಅರ್ಜಿಯಿಂದ ಕಲಿತದ್ದು ಫಲಿಸಿದ ಅರ್ಜಿಗಳಿಂದ ಕಲಿತದ್ದಕ್ಕಿಂತ ಹೆಚ್ಚಾದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಒಂದು ಅರ್ಜಿಯ ಕಥೆ

ಪುಣೆಯ ಹೊರವಲಯದಲ್ಲಿ ಬಹುಮಹಡಿ ಕಟ್ಟಡಗಳು ಏಳುವಲ್ಲೆಲ್ಲ ಅವುಗಳ ಬುಡದಲ್ಲಿ ತಗಡಿನ ಶೆಡ್ಡುಗಳ ಒಂದು ಸಾಲು ಇರುವುದನ್ನು ತಾವು ಬಲ್ಲಿರಿ. ಅಲ್ಲಿ ವಾಸಿಸುವ ಕೂಲಿಕಾರರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದವರು ಅನೇಕರು. ತಂದೆತಾಯಿಗಳು ಗಾರೆ ಕೆಲಸಕ್ಕೆ ಹೋದಾಗ ಅವರ ಮಕ್ಕಳು ಮರಳಿನ ರಾಶಿಯ ಮೇಲೆ ಹಗಲು ಕಳೆಯುತ್ತಾರೆ. ಇಂಥ ಮಕ್ಕಳಿಗಾಗಿ ಐದಾರು ಮಂದಿ ಕನ್ನಡಿಗರು ಸೇರಿ ಒಂದು ಪಾಠಶಾಲೆಯನ್ನು ನಡೆಸುತ್ತಿದ್ದರು. ಮೊದಲು ಕನ್ನಡದಲ್ಲಿ ಅಕ್ಷರಾಭ್ಯಾಸ, ಅನಂತರ ಮರಾಠಿ, ಮುಂದೆ ಸಮೀಪದ ಶಾಲೆಗೆ ಸೇರ್ಪಡೆ. ಇದು ಅವರ ಕ್ರಮ. ಸ್ವಂತ ದುಡಿಮೆಯಿಂದ ಮೂರು ವರ್ಷ ನಡೆಸಿದ ಮೇಲೆ ಕೈ ಬರಿದಾಯಿತು. ಒಂದು ಪ್ರತಿಷ್ಠಾನಕ್ಕೆ ಅರ್ಜಿ ಹಾಕುವುದೆಂದು ನಿಶ್ಚಯಿಸಿದರು. ಅರ್ಜಿ ಬರೆಯುವ ಕೆಲಸ ನನಗೆ ಬಂತು.

ನಾನು ಕನ್ನಡ ಎಂ.ಎ. ಓದಿದವನು. ಜ್ಞಾನಜ್ಯೋತಿ, ಅಜ್ಞಾನಾಂಧಕಾರ, ನಾಡಿನ ಭಾವೀ ಪ್ರಜೆಗಳು ಇವೆಲ್ಲ ಹಾಳೆಯ ಮೇಲೆ ಸರಾಗವಾಗಿ ಇಳಿದವು. ಎಂಟು ಪುಟ ತುಂಬಿತು. ಆ ಎಂಟು ಪುಟಗಳಲ್ಲಿ ಮಕ್ಕಳು ಎಷ್ಟು ಮಂದಿ ಎಂಬ ಸಂಖ್ಯೆ ಎಲ್ಲಿಯೂ ಇರಲಿಲ್ಲ. ಎರಡು ತಿಂಗಳ ಬಳಿಕ ಬಂದ ಉತ್ತರದಲ್ಲಿ ಮೂರೇ ವಾಕ್ಯಗಳಿದ್ದವು. ಅರ್ಜಿಗೆ ಸಹಿ ಮಾಡಿದ ಧರ್ಮದರ್ಶಿಗಳ ಹೆಸರುಗಳು ನೋಂದಣಿ ದಾಖಲೆಯಲ್ಲಿರುವ ಹೆಸರುಗಳಿಗೆ ಹೊಂದುವುದಿಲ್ಲ; ಕಟ್ಟಡ ಮುಗಿದು ಕುಟುಂಬಗಳು ಬೇರೆಡೆಗೆ ಹೋದಾಗ ಮಕ್ಕಳ ಓದು ಏನಾಗುವುದೆಂದು ತಿಳಿಸಿಲ್ಲ; ಐದು ಲಕ್ಷ ರೂಪಾಯಿಗಳನ್ನು ಒಂದೇ ಬಾಬಿನಲ್ಲಿ ಕೇಳಲಾಗಿದೆ. ಆದುದರಿಂದ ಅರ್ಜಿಯನ್ನು ಪರಿಗಣಿಸಲಾಗಲಿಲ್ಲ.

ಆಗ ನಮಗೆ ಬೇಸರವಾಯಿತು. ಈಗ ನೋಡಿದರೆ ಆ ಮೂರೂ ವಾಕ್ಯಗಳು ನ್ಯಾಯವಾದವೇ. ದಾಖಲೆ ಸರಿಪಡಿಸಿ ಮತ್ತೆ ಅರ್ಜಿ ಹಾಕಿ ನೆರವು ಬರುವಷ್ಟರಲ್ಲಿ ಹನ್ನೊಂದು ತಿಂಗಳು ಕಳೆದವು. ಅಷ್ಟು ಕಾಲ ಪಾಠಶಾಲೆ ಮುಚ್ಚಿತ್ತು. ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗಿ ಒತ್ತಕ್ಷರಗಳವರೆಗೆ ಕಲಿತಿದ್ದಳು. ಪುನಃ ಬಾಗಿಲು ತೆರೆದಾಗ ಅವಳ ಕುಟುಂಬ ಅಲ್ಲಿರಲಿಲ್ಲ. ಎಲ್ಲಿಗೆ ಹೋಯಿತೆಂದು ಮೇಸ್ತ್ರಿಗೂ ತಿಳಿದಿರಲಿಲ್ಲ. ಅರ್ಜಿ ಬರೆಯುವುದನ್ನು ಕಾಗದದ ಕೆಲಸವೆಂದು ನಾವು ಹಗುರವಾಗಿ ಕಾಣುತ್ತೇವೆ. ಅದರ ಬೆಲೆಯನ್ನು ತೆರುವವರು ಯಾರೆಂಬುದು ನನಗೆ ಅಂದು ತಿಳಿಯಿತು.

ದತ್ತಿಯ ಪರಂಪರೆ

ದಾನ ಕೊಡುವವರು ವಿವರ ಕೇಳುತ್ತಾರೆ, ಷರತ್ತು ವಿಧಿಸುತ್ತಾರೆ ಎಂದು ನಮ್ಮಲ್ಲಿ ಕೆಲವರಿಗೆ ಅಸಮಾಧಾನವುಂಟು. ಇದು ಹೊಸ ಕಾಲದ ಕಿರುಕುಳವೆಂದು ಭಾವಿಸಬೇಕಾಗಿಲ್ಲ. ನಮ್ಮ ನಾಡಿನ ದಾನಶಾಸನಗಳನ್ನು ನೋಡಿರಿ. ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆ ಎಲ್ಲಿಂದ ಎಲ್ಲಿಗೆ, ಅದರ ಉತ್ಪತ್ತಿ ಯಾವ ಕಾರ್ಯಕ್ಕೆ, ಸಾಕ್ಷಿಗಳು ಯಾರು, ತಪ್ಪಿ ನಡೆದವರಿಗೆ ಯಾವ ಪಾಪ, ಎಲ್ಲವನ್ನೂ ಕಲ್ಲಿನಲ್ಲಿ ಕಡೆದಿರುತ್ತಾರೆ. ಬಳ್ಳಿಗಾವಿಯ ಕೋಡಿಯ ಮಠವನ್ನು ಕುರಿತ 1162ರ ಶಾಸನವು ಅಲ್ಲಿ ನಡೆಯುತ್ತಿದ್ದ ವಿದ್ಯಾಭ್ಯಾಸವನ್ನೂ ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನೂ ಒಂದೊಂದಾಗಿ ಹೇಳುತ್ತದೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಶಾಸನವೊಂದು ಅಲ್ಲಿಯ ಘಟಿಕಾಸ್ಥಾನದ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಉಪಾಧ್ಯಾಯರನ್ನೂ ಗ್ರಂಥಗಳನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರನ್ನೂ ಲೆಕ್ಕವಿಟ್ಟು ದಾಖಲಿಸಿದೆ. ನನ್ನ ಎಂಟು ಪುಟಗಳಲ್ಲಿ ಇಲ್ಲದಿದ್ದ ಸಂಖ್ಯೆ ಸುಮಾರು ಒಂದು ಸಾವಿರ ವರ್ಷಗಳ ಹಿಂದಿನ ಕಲ್ಲಿನ ಮೇಲಿದೆ. ನಮ್ಮ ಪಾಠಶಾಲೆಯ ಮಕ್ಕಳು ಬಂದದ್ದೂ ಆ ಸೀಮೆಯಿಂದಲೇ.

ನಾವು ಕುಳಿತಿರುವ ಈ ಪುಣೆ ನಗರವೂ ಸಾರ್ವಜನಿಕ ದಾನದಿಂದ ಬೆಳೆದ ಸಂಸ್ಥೆಗಳ ನಗರ. ಮಹರ್ಷಿ ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ಆರಂಭಿಸಿದರು. 1900ರಲ್ಲಿ ಅದು ಅಂದು ಊರ ಹೊರಗಿದ್ದ ಹಿಂಗಣೆಯ ಒಂದು ಗುಡಿಸಿಲಿಗೆ ಹೋಯಿತು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅವರು ಸಣ್ಣ ಸಣ್ಣ ವಂತಿಗೆಗಳನ್ನು ಸಂಗ್ರಹಿಸುತ್ತ ವರ್ಷಗಟ್ಟಲೆ ಆ ಸಂಸ್ಥೆಯನ್ನು ನಡೆಸಿದರು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಸರ್ ವಿಠ್ಠಲದಾಸ ಠಾಕರಸಿಯವರು 15 ಲಕ್ಷ ರೂಪಾಯಿಗಳ ದೊಡ್ಡ ದತ್ತಿಯನ್ನು ಕೊಟ್ಟದ್ದು 1920ರಲ್ಲಿ. ಆ ವಿಶ್ವವಿದ್ಯಾಲಯ ಇಂದಿಗೂ ಅವರ ತಾಯಿಯ ಹೆಸರನ್ನು ಹೊತ್ತಿದೆ. ಆಶ್ರಮ ಆರಂಭವಾದ ವರ್ಷಕ್ಕೂ ಆ ದತ್ತಿಯ ವರ್ಷಕ್ಕೂ ನಡುವೆ ಇಪ್ಪತ್ತನಾಲ್ಕು ವರ್ಷಗಳ ಅಂತರವಿದೆ. ದೊಡ್ಡ ಹಣ ಬಂದದ್ದು ಸಣ್ಣ ಹಣವನ್ನು ದೀರ್ಘಕಾಲ ಸರಿಯಾಗಿ ನಡೆಸಿ ತೋರಿಸಿದ ಮೇಲೆ.

ಪ್ರತಿಷ್ಠಾನಗಳ ಬಗೆಗಳು

ಅರ್ಜಿ ಹಾಕುವ ಮುನ್ನ ಯಾರಿಗೆ ಹಾಕುತ್ತೇವೆಂಬುದನ್ನು ಅರಿಯಬೇಕು. ಪ್ರತಿಷ್ಠಾನ ಎಂಬ ಒಂದೇ ಹೆಸರಿನ ಕೆಳಗೆ ಹಲವು ಬಗೆಗಳಿವೆ.

ಮೊದಲನೆಯದು, ಕುಟುಂಬ ಅಥವಾ ವ್ಯಕ್ತಿಯ ಸಂಪತ್ತಿನಿಂದ ಸ್ಥಾಪಿತವಾದ ದತ್ತಿನಿಧಿಗಳು. ಜೆ. ಎನ್. ಟಾಟಾ ದತ್ತಿ 1892ರಷ್ಟು ಹಿಂದಿನದು. ಸರ್ ರತನ್ ಟಾಟಾ ಟ್ರಸ್ಟ್ 1919ರಲ್ಲಿಯೂ ಸರ್ ದೊರಾಬ್ಜಿ ಟಾಟಾ ಟ್ರಸ್ಟ್ 1932ರಲ್ಲಿಯೂ ಸ್ಥಾಪನೆಯಾದವು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ತಾನೇ ಶಿಕ್ಷಣ ಕ್ಷೇತ್ರದಲ್ಲಿ ಕೆಲಸ ಮಾಡುವುದರ ಜೊತೆಗೆ ಇತರ ಸಂಸ್ಥೆಗಳಿಗೂ ಅನುದಾನ ನೀಡುತ್ತದೆ. ಎರಡನೆಯದು, ಕಂಪನಿಗಳು ಸ್ಥಾಪಿಸಿದ ಪ್ರತಿಷ್ಠಾನಗಳು. 1996ರಲ್ಲಿ ಆರಂಭವಾದ ಇನ್ಫೋಸಿಸ್ ಫೌಂಡೇಶನ್ ಕನ್ನಡಿಗರಿಗೆ ಪರಿಚಿತವಾದ ಉದಾಹರಣೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಳಿಕ, ನಿಗದಿತ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವೆಚ್ಚ ಮಾಡಬೇಕಾಗಿದೆ. ಯಾವ ಯಾವ ಕಾರ್ಯಗಳಿಗೆ ಎಂಬುದನ್ನು ಆ ಕಾಯ್ದೆಯ ಏಳನೆಯ ಅನುಸೂಚಿ ಪಟ್ಟಿ ಮಾಡಿದೆ. ಶಿಕ್ಷಣ, ಆರೋಗ್ಯ, ಪರಿಸರ, ಗ್ರಾಮಾಭಿವೃದ್ಧಿ ಇವೆಲ್ಲ ಅದರಲ್ಲಿವೆ.

ಮೂರನೆಯದು, ವಿದೇಶಿ ಮೂಲದ ಹಣ. ಇದಕ್ಕೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಸ್ವೀಕರಿಸುವಂತಿಲ್ಲ. 2020ರ ತಿದ್ದುಪಡಿಯ ಪ್ರಕಾರ ಈ ಹಣವು ಮೊದಲು ನವದೆಹಲಿಯ ಭಾರತೀಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಪಡೆದುದನ್ನು ಮತ್ತೊಂದಕ್ಕೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡ 20ನ್ನು ಮೀರುವಂತಿಲ್ಲ. ಸಾಗರದಾಚೆಯ ಬಂಧುಗಳು ಪ್ರೀತಿಯಿಂದ ಹಣ ಕಳುಹಿಸುತ್ತೇವೆ ಎಂದಾಗ ಅನೇಕ ಸಣ್ಣ ಸಂಸ್ಥೆಗಳು ತಿಳಿಯದೆ ಎಡವುತ್ತವೆ. ಈ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ.

ಪ್ರತಿಯೊಂದು ಪ್ರತಿಷ್ಠಾನಕ್ಕೂ ಅದರ ಸ್ಥಾಪನಾಪತ್ರದಲ್ಲಿ ಹೇಳಿದ ಉದ್ದೇಶಗಳಿರುತ್ತವೆ. ಕೆಲಸ ಮಾಡುವ ಪ್ರದೇಶಗಳಿರುತ್ತವೆ. ಕಣ್ಣಿನ ಚಿಕಿತ್ಸೆಗೆ ಮೀಸಲಾದ ನಿಧಿಗೆ ಪಾಠಶಾಲೆಯ ಅರ್ಜಿ ಕಳುಹಿಸಿದರೆ ಇಬ್ಬರ ಕಾಲವೂ ವ್ಯರ್ಥ. ಹಿಂದಿನ ಎರಡು ಮೂರು ವರ್ಷಗಳ ವಾರ್ಷಿಕ ವರದಿಗಳನ್ನು ತರಿಸಿ ಓದಿರಿ. ಯಾರಿಗೆ, ಎಷ್ಟು, ಯಾವ ಕಾರ್ಯಕ್ಕೆ ಕೊಟ್ಟಿದ್ದಾರೆಂಬುದು ಅಲ್ಲಿ ಸಿಗುತ್ತದೆ. ಹತ್ತು ಕಡೆಗೆ ಒಂದೇ ಅರ್ಜಿಯನ್ನು ಕಳುಹಿಸುವುದಕ್ಕಿಂತ ತಕ್ಕ ಎರಡು ಕಡೆಗೆ ತಕ್ಕಂತೆ ಬರೆದು ಕಳುಹಿಸುವುದು ಲೇಸು.

ಮೊದಲು ಮನೆಯ ದಾಖಲೆಗಳು

ಅರ್ಜಿಯ ಮೊದಲ ಅಕ್ಷರವನ್ನು ಬರೆಯುವ ಮೊದಲು ಸಂಸ್ಥೆಯ ಕಪಾಟನ್ನು ತೆರೆದು ನೋಡಬೇಕು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳಿಗೆ 1950ರ ಕಾಯ್ದೆಯೊಂದು ಅನ್ವಯಿಸುತ್ತದೆ. ಅದು ಜಾರಿಗೆ ಬಂದಾಗ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬಯಿ ರಾಜ್ಯದಲ್ಲಿಯೇ ಇದ್ದವು. ಆಗ ಮುಂಬಯಿಯ ಹೆಸರಿನಲ್ಲಿದ್ದ ಕಾಯ್ದೆ ಈಗ ಮಹಾರಾಷ್ಟ್ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆ ಎನಿಸಿಕೊಂಡಿದೆ. ಅದರಂತೆ ಚಾರಿಟಿ ಕಮಿಷನರರ ಕಚೇರಿಯಲ್ಲಿ ಸಂಸ್ಥೆಯ ನೋಂದಣಿಯಾಗಬೇಕು. 1860ರ ಸಂಘಗಳ ನೋಂದಣಿ ಕಾಯ್ದೆಯಡಿ ಸ್ಥಾಪಿತವಾದ ಸಂಘಗಳೂ ಇಲ್ಲಿ ವಿಶ್ವಸ್ತ ಸಂಸ್ಥೆಯಾಗಿ ನೋಂದಾಯಿಸಿಕೊಳ್ಳುವುದು ವಾಡಿಕೆ. ಕರ್ನಾಟಕದಿಂದ ಬಂದವರಿಗೆ ಈ ವ್ಯವಸ್ಥೆ ಹೊಸದು. ಅಲ್ಲಿ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಒಳಪಡುತ್ತವೆ.

ನಮ್ಮ ಅರ್ಜಿ ಎಡವಿದ್ದು ಇಲ್ಲಿಯೇ. ಧರ್ಮದರ್ಶಿಯೊಬ್ಬರು ನಿಧನರಾದರೆ, ರಾಜೀನಾಮೆ ಕೊಟ್ಟರೆ, ಹೊಸಬರು ಬಂದರೆ, ವಿಳಾಸ ಬದಲಾದರೆ 90 ದಿನಗಳೊಳಗೆ ಬದಲಾವಣೆಯ ವರದಿಯನ್ನು ಚಾರಿಟಿ ಕಮಿಷನರರ ಕಚೇರಿಗೆ ಸಲ್ಲಿಸಬೇಕು. ಮರಾಠಿಯಲ್ಲಿ ಇದನ್ನು ‘ಬದಲ ಅರ್ಜ’ ಎನ್ನುತ್ತಾರೆ. ಕಚೇರಿಯಲ್ಲಿ ‘ಚೇಂಜ್ ರಿಪೋರ್ಟ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ನಮ್ಮ ಸಂಸ್ಥೆಯ ಇಬ್ಬರು ಹಿರಿಯರು ನಿವೃತ್ತರಾಗಿ ಊರಿಗೆ ಮರಳಿದ್ದರು. ಅವರ ಸ್ಥಾನಕ್ಕೆ ಇಬ್ಬರನ್ನು ಸಭೆ ಸೇರಿ ಆರಿಸಿದ್ದೆವು. ಚಹಾ ಕುಡಿದು ಮನೆಗೆ ಹೋಗಿದ್ದೆವು. ವರದಿ ಸಲ್ಲಿಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಪುಸ್ತಕದಲ್ಲಿ ಹಳೆಯ ಹೆಸರುಗಳೇ ಉಳಿದಿದ್ದವು. ಹಣ ಕೊಡುವವನ ದೃಷ್ಟಿಯಿಂದ ನೋಡಿದರೆ, ದಾಖಲೆಯಲ್ಲಿ ಇಲ್ಲದವರು ಸಹಿ ಮಾಡಿ ಹಣ ಕೇಳಿದಂತಾಗಿತ್ತು.

ಎರಡನೆಯದು ಆದಾಯ ತೆರಿಗೆಯ ನೋಂದಣಿ. ಜನ ಇಂದಿಗೂ 12ಎ, 80ಜಿ ಎಂದೇ ಕರೆಯುವ ಈ ನೋಂದಣಿಗಳಲ್ಲಿ ಮೊದಲನೆಯದು ಸಂಸ್ಥೆಯ ಆದಾಯಕ್ಕೆ ವಿನಾಯಿತಿ ಕೊಡುತ್ತದೆ, ಎರಡನೆಯದು ದಾನಿಗೆ ರಿಯಾಯಿತಿ ಕೊಡುತ್ತದೆ. 1961ರ ಕಾಯ್ದೆಯ ಸ್ಥಾನದಲ್ಲಿ 2025ರ ಹೊಸ ಆದಾಯ ತೆರಿಗೆ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಲಾಗಿದೆ. ಅದರಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಲೆಕ್ಕಪರಿಶೋಧಕರನ್ನು ಕೇಳಿ ಸರಿಯಾದ ಉಲ್ಲೇಖವನ್ನೇ ಬರೆಯಬೇಕು. ನೆನಪಿಡಬೇಕಾದ ಮುಖ್ಯ ಸಂಗತಿಯೆಂದರೆ ಹಿಂದಿನಂತೆ ಈ ನೋಂದಣಿ ಶಾಶ್ವತವಲ್ಲ. 2021ರ ಏಪ್ರಿಲ್‌ನಿಂದ ಹೊಸ ಸಂಸ್ಥೆಗಳಿಗೆ ಮೊದಲು ಮೂರು ವರ್ಷಗಳ ತಾತ್ಕಾಲಿಕ ನೋಂದಣಿ, ಅನಂತರ ಐದು ವರ್ಷಗಳ ನೋಂದಣಿ ಎಂಬ ಕ್ರಮ ಬಂತು. 12ಎ ನೋಂದಣಿಯ ಮಟ್ಟಿಗೆ, ಹಿಂದಿನ ಎರಡು ವರ್ಷಗಳಲ್ಲಿ ಆದಾಯ 5 ಕೋಟಿ ರೂಪಾಯಿಗಳನ್ನು ಮೀರದ ಸಂಸ್ಥೆಗಳಿಗೆ 2025ರ ತಿದ್ದುಪಡಿಯು ಈ ಐದನ್ನು ಹತ್ತು ವರ್ಷಗಳಿಗೆ ಏರಿಸಿತು. ಪ್ರಮಾಣಪತ್ರದ ಅವಧಿ ಎಂದು ಮುಗಿಯುತ್ತದೆಂಬುದನ್ನು ಕಚೇರಿಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇವುಗಳಲ್ಲದೆ ಸಂಸ್ಥೆಯ ಹೆಸರಿನ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ, ಮೂರು ವರ್ಷಗಳ ಪರಿಶೋಧಿತ ಲೆಕ್ಕಪತ್ರ, ವಾರ್ಷಿಕ ವರದಿ, ಸ್ಥಾಪನಾಪತ್ರದ ಪ್ರತಿ, ಧರ್ಮದರ್ಶಿಗಳ ಪಟ್ಟಿ, ಅರ್ಜಿ ಸಲ್ಲಿಸಲು ಆಡಳಿತ ಮಂಡಳಿ ಮಾಡಿದ ಠರಾವು ಇವು ಸಿದ್ಧವಿರಬೇಕು. ನೀತಿ ಆಯೋಗದ ಎನ್‌ಜಿಒ ದರ್ಪಣ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಬೇಕಿದ್ದರೆ 2021ರ ಏಪ್ರಿಲ್ 1ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ನೋಂದಣಿಯೂ ಅಗತ್ಯ. ಅಂಥ ಕಾರ್ಯದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವವನ್ನೂ ನಿಯಮ ಕೇಳುತ್ತದೆ. ಮೂರು ವರ್ಷ ತುಂಬದ ಹೊಸ ಸಂಸ್ಥೆಗಳು ನಿರಾಶರಾಗಬೇಕಿಲ್ಲ. ಊರಿನ ದಾನಿಗಳಿಂದಲೂ ಸಣ್ಣ ದತ್ತಿಗಳಿಂದಲೂ ಆರಂಭಿಸಿ ಲೆಕ್ಕವನ್ನು ಮೊದಲ ದಿನದಿಂದಲೇ ಇಡುತ್ತ ಬಂದರೆ ಮೂರು ವರ್ಷ ಬೇಗನೆ ಕಳೆಯುತ್ತದೆ.

ಪ್ರಸ್ತಾವನೆಯನ್ನು ಬರೆಯುವ ಬಗೆ

ಹೆಚ್ಚಿನ ಪ್ರತಿಷ್ಠಾನಗಳು ಮೊದಲು ಎರಡು ಮೂರು ಪುಟಗಳ ಕಿರುಟಿಪ್ಪಣಿಯನ್ನು ಕೇಳುತ್ತವೆ. ಅದು ಒಪ್ಪಿಗೆಯಾದರೆ ವಿವರವಾದ ಪ್ರಸ್ತಾವನೆಗೆ ಆಹ್ವಾನ ಬರುತ್ತದೆ. ಕಿರುಟಿಪ್ಪಣಿಯಲ್ಲಿ ಐದು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಾಕು. ಯಾರ ಯಾವ ತೊಂದರೆ? ನೀವು ಏನು ಮಾಡುವಿರಿ? ಅದನ್ನು ಮಾಡಬಲ್ಲಿರಿ ಎಂಬುದಕ್ಕೆ ಏನು ಆಧಾರ? ಎಷ್ಟು ಹಣ, ಎಷ್ಟು ಕಾಲ? ಹಣ ನಿಂತ ಮೇಲೆ ಏನಾಗುವುದು?

ನಮ್ಮ ಎರಡನೆಯ ಅರ್ಜಿಯನ್ನು ಬರೆಯುವಾಗ ನಾನು ಲೇಖನಿಯನ್ನು ಬದಿಗಿಟ್ಟು ಶಿಕ್ಷಕಿಯ ಹಾಜರಿ ಪುಸ್ತಕವನ್ನು ಎದುರಿಗಿಟ್ಟುಕೊಂಡೆ. ಮೊದಲ ವಾಕ್ಯ ಅದರಿಂದಲೇ ಬಂತು: ಈ ಕಟ್ಟಡ ಸ್ಥಳದಲ್ಲಿ ಆರರಿಂದ ಹದಿನಾಲ್ಕು ವರ್ಷದ ನಲವತ್ತು ಮಕ್ಕಳಿದ್ದಾರೆ, ಅವರಲ್ಲಿ ಶಾಲೆಗೆ ಹೋಗುವವರು ಒಂಬತ್ತು ಮಂದಿ. ಇದನ್ನು ಓದಿದವರಿಗೆ ಅಜ್ಞಾನಾಂಧಕಾರವೆಂದು ಬೇರೆ ಹೇಳಬೇಕಾಗಿಲ್ಲ. ಆ ವಯಸ್ಸಿನ ಮಕ್ಕಳಿಗೆ ಶಿಕ್ಷಣವು 2009ರ ಕಾಯ್ದೆಯಂತೆ ಹಕ್ಕು. ಸರ್ಕಾರಿ ಶಾಲೆಯ ಬದಲು ಮತ್ತೊಂದು ಶಾಲೆಯನ್ನು ನಾವು ಕಟ್ಟುವುದಿಲ್ಲ, ಮಗುವನ್ನು ಆ ಶಾಲೆಯ ಬಾಗಿಲಿಗೆ ಮುಟ್ಟಿಸುತ್ತೇವೆ ಎಂದು ಬರೆದೆವು. ಕುಟುಂಬ ಬೇರೆಡೆಗೆ ಹೋದಾಗ ಏನು ಎಂಬ ಪ್ರಶ್ನೆಗೂ ಉತ್ತರ ಕಂಡುಕೊಳ್ಳಬೇಕಾಯಿತು. ಪ್ರತಿ ಮಗುವಿಗೂ ಒಂದು ಓದಿನ ಚೀಟಿ, ಅದರಲ್ಲಿ ಎಲ್ಲಿಯವರೆಗೆ ಕಲಿತಿದೆ ಎಂಬ ವಿವರ, ತಂದೆಯ ದೂರವಾಣಿ ಸಂಖ್ಯೆ, ಮುಂದಿನ ಸ್ಥಳದ ಹೆಸರು. ಈ ಚೀಟಿ ನಮ್ಮ ಅರ್ಜಿಗಾಗಿ ಹುಟ್ಟಿತು. ಆದರೆ ಮಕ್ಕಳಿಗೆ ಅದು ಬೇಕಾಗಿತ್ತು. ಒಳ್ಳೆಯ ಪ್ರಶ್ನೆ ಕೇಳುವ ಪ್ರತಿಷ್ಠಾನ ಹಣ ಕೊಡದಿದ್ದರೂ ಉಪಕಾರ ಮಾಡಿರುತ್ತದೆ.

ಭಾಷೆಯ ವಿಷಯದಲ್ಲಿ ಒಂದು ಮಾತು. ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದೀತು. ಇಂಗ್ಲಿಷ್ ಬಲ್ಲವರು ಒಬ್ಬರು, ಕೆಲಸ ಬಲ್ಲವರು ಇನ್ನೊಬ್ಬರು ಆಗಿರುವುದು ನಮ್ಮಲ್ಲಿ ಸಾಮಾನ್ಯ. ಮೊದಲು ಕೆಲಸ ಬಲ್ಲವರು ಕನ್ನಡದಲ್ಲಿ, ತಾವು ಮಾತನಾಡುವಂತೆಯೇ ಬರೆಯಲಿ. ಅನುವಾದಕನು ಅದಕ್ಕೆ ಏನನ್ನೂ ಸೇರಿಸದಿರಲಿ. ಬರೆದು ಮುಗಿದ ಮೇಲೆ ಅದನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳಲಿ. “ಇದು ನಾವು ಮಾಡುವ ಕೆಲಸವೇ ಹೌದು” ಎಂದು ಅವರು ಹೇಳಿದ ಮೇಲೆ ಕಳುಹಿಸಬೇಕು. ಪರಿಶೀಲನೆಗೆ ಬಂದವರ ಮುಂದೆ ನಿಲ್ಲಬೇಕಾದವರು ಅವರು, ಅನುವಾದಕನಲ್ಲ.

ಆಯವ್ಯಯ ಪಟ್ಟಿ

ಪ್ರಸ್ತಾವನೆಯಲ್ಲಿ ಅತಿ ಗಮನವಿಟ್ಟು ಓದುವ ಪುಟ ಆಯವ್ಯಯದ್ದು. ಒಂದು ಉದಾಹರಣೆ ಕೊಡುತ್ತೇನೆ. ನಲವತ್ತು ಮಕ್ಕಳ ಒಂದು ಪಾಠಶಾಲೆಗೆ ಒಂದು ವರ್ಷದ ಲೆಕ್ಕ:

ಇಬ್ಬರು ಶಿಕ್ಷಕಿಯರಿಗೆ ತಿಂಗಳಿಗೆ ತಲಾ 12,000 ರೂಪಾಯಿಯಂತೆ 2,88,000. ಮಕ್ಕಳಿಗೆ ದಿನಕ್ಕೆ 10 ರೂಪಾಯಿಯ ಉಪಾಹಾರ, 240 ದಿನಗಳಿಗೆ 96,000. ಪುಸ್ತಕ, ಪಾಟಿ ಮುಂತಾದವಕ್ಕೆ ಮಗುವಿಗೆ 600ರಂತೆ 24,000. ಶೆಡ್ಡಿನ ಬಾಡಿಗೆ ತಿಂಗಳಿಗೆ 4,000ದಂತೆ 48,000. ಮೇಲ್ವಿಚಾರಣೆ, ಲೆಕ್ಕಪತ್ರ ಮತ್ತು ಪರಿಶೋಧನೆಗೆ 44,000. ಒಟ್ಟು 5,00,000 ರೂಪಾಯಿ. ಅಂದರೆ ಒಂದು ಮಗುವಿಗೆ ವರ್ಷಕ್ಕೆ 12,500.

ಮೊತ್ತ ಹಿಂದಿನ ಅರ್ಜಿಯಲ್ಲಿ ಕೇಳಿದ ಐದು ಲಕ್ಷವೇ. ಆದರೆ ಈಗ ಪ್ರತಿ ರೂಪಾಯಿಗೂ ಒಂದು ಮುಖವಿದೆ. ಕಟ್ಟಡದ ಮಾಲೀಕರು ಶೆಡ್ಡನ್ನು ಬಾಡಿಗೆಯಿಲ್ಲದೆ ಕೊಟ್ಟರೆ ಆ 48,000ವನ್ನು ಪಟ್ಟಿಯಿಂದ ತೆಗೆಯದೆ ಸ್ಥಳೀಯ ವಂತಿಗೆಯೆಂದು ತೋರಿಸಿ, 4,52,000ವನ್ನು ಮಾತ್ರ ಕೇಳಬೇಕು. ಊರಿನವರೂ ಕೈಜೋಡಿಸಿದ್ದಾರೆಂಬುದು ಇದರಿಂದ ತಿಳಿಯುತ್ತದೆ. ಮೇಲ್ವಿಚಾರಣೆಯ ವೆಚ್ಚವನ್ನು ಕೇಳಲು ನಾಚಿ ಅದನ್ನು ಪುಸ್ತಕದ ಬಾಬಿನಲ್ಲಿ ಅಡಗಿಸುವವರಿದ್ದಾರೆ. ಇದು ಸಲ್ಲದು. ಲೆಕ್ಕ ಬರೆಯುವವರಿಗೆ ಸಂಬಳವಿಲ್ಲದಿದ್ದರೆ ಲೆಕ್ಕವಿರುವುದಿಲ್ಲ. ಇದನ್ನು ಬಹುತೇಕ ಪ್ರತಿಷ್ಠಾನಗಳು ಬಲ್ಲವು. ಶಿಕ್ಷಕಿಯರ ಸಂಬಳವನ್ನು ತೀರ ಇಳಿಸಿ ಪಟ್ಟಿಯನ್ನು ಅಂದಗೊಳಿಸುವುದೂ ತಪ್ಪು. ಆರು ತಿಂಗಳಲ್ಲಿ ಅವರು ಬೇರೆ ಕೆಲಸ ಹುಡುಕಿಕೊಂಡು ಹೋದರೆ ಉಳಿಸಿದ ಹಣಕ್ಕಿಂತ ಕಳೆದದ್ದೇ ಹೆಚ್ಚಾಗುತ್ತದೆ.

ಪರಿಶೀಲನೆ ಮತ್ತು ಒಡಂಬಡಿಕೆ

ಪ್ರಸ್ತಾವನೆ ಮೆಚ್ಚುಗೆಯಾದ ಮೇಲೆ ದಾಖಲೆಗಳ ತಪಾಸಣೆ, ಅನಂತರ ಸ್ಥಳ ಪರಿಶೀಲನೆ ನಡೆಯುತ್ತವೆ. ಪರಿಶೀಲನೆಗೆ ಬರುವವರಿಗಾಗಿ ಮಕ್ಕಳಿಗೆ ಸ್ವಾಗತಗೀತೆಯನ್ನು ಕಲಿಸುವ, ಹೂಮಾಲೆ ತರಿಸುವ ಪದ್ಧತಿಯನ್ನು ದಯವಿಟ್ಟು ಬಿಡಿರಿ. ಎಂದಿನ ದಿನ ಎಂದಿನಂತೆ ಪಾಠ ನಡೆಯಲಿ. ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ, ರಸೀದಿಗಳು ಕೈಗೆ ಸಿಗುವಂತಿರಲಿ. ಗೈರುಹಾಜರಿ ಹೆಚ್ಚಾಗಿದ್ದರೆ ಕಾರಣ ಹೇಳಿರಿ, ಅಡಗಿಸಬೇಡಿರಿ. ಜೋಳದ ಕೊಯ್ಲಿಗೆ ಕುಟುಂಬಗಳು ಊರಿಗೆ ಹೋಗುತ್ತವೆ ಎಂಬುದು ಕೊರತೆಯಲ್ಲ, ಕೆಲಸದ ಪರಿಸ್ಥಿತಿ.

ಅಂತಿಮ ನಿರ್ಣಯ ಸಾಮಾನ್ಯವಾಗಿ ಧರ್ಮದರ್ಶಿಗಳ ಸಭೆಯಲ್ಲಿ ಆಗುತ್ತದೆ. ಸಭೆ ಸೇರುವುದು ಕೆಲವು ತಿಂಗಳಿಗೊಮ್ಮೆ. ಆದ್ದರಿಂದ ಕೈಯಲ್ಲಿರುವ ಹಣ ಮುಗಿಯುವುದಕ್ಕೆ ಆರರಿಂದ ಒಂಬತ್ತು ತಿಂಗಳು ಮುಂಚೆಯೇ ಅರ್ಜಿ ಹಾಕಬೇಕು. ಮಂಜೂರಾದ ಮೇಲೆ ಒಡಂಬಡಿಕೆಯ ಪತ್ರ ಬರುತ್ತದೆ. ಅದರ ಪ್ರತಿಯೊಂದು ಕಲಮನ್ನೂ ಆಡಳಿತ ಮಂಡಳಿಯ ಸದಸ್ಯರೆಲ್ಲರಿಗೆ, ಅವರವರ ಭಾಷೆಯಲ್ಲಿ, ಓದಿ ತಿಳಿಸಬೇಕು. ಕಂತುಗಳು ಯಾವಾಗ, ಯಾವ ವರದಿ ಕೊಟ್ಟ ಮೇಲೆ, ಒಂದು ಬಾಬಿನ ಹಣವನ್ನು ಮತ್ತೊಂದಕ್ಕೆ ಬಳಸಲು ಯಾರ ಅನುಮತಿ ಬೇಕು, ಉಳಿದ ಹಣವನ್ನು ಏನು ಮಾಡಬೇಕು, ಇವು ಸ್ಪಷ್ಟವಾಗಿರಬೇಕು. ಕಾರ್ಯಸಾಧ್ಯವಲ್ಲದ ಷರತ್ತು ಇದ್ದರೆ ಸಹಿ ಮಾಡುವ ಮೊದಲೇ ವಿನಯದಿಂದ ಹೇಳಬಹುದು. ಹಾಗೆ ಹೇಳಿದುದರಿಂದ ಮಂಜೂರಾತಿ ತಪ್ಪಿದ ಪ್ರಸಂಗ ನನ್ನ ಅನುಭವದಲ್ಲಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಅನುದಾನ ಕೊಡಿಸುತ್ತೇವೆ, ನೂರಕ್ಕೆ ಇಷ್ಟು ಕೊಡಿ ಎಂದು ಬರುವ ಮಧ್ಯವರ್ತಿಗಳಿದ್ದಾರೆ. ಮುಂಗಡ ಶುಲ್ಕ ಕೇಳಿ, ಅನಂತರ ಮಾಯವಾಗುವವರೂ ಇದ್ದಾರೆ. ಅನುದಾನದ ಪಾಲು ಕೇಳುವವರನ್ನು ಬಾಗಿಲಿನಿಂದಲೇ ಕಳುಹಿಸಿಬಿಡಬೇಕು. ಪ್ರತಿಷ್ಠಾನದ ಕಚೇರಿಗೆ ನೇರವಾಗಿ ಬರೆದು ವಿಚಾರಿಸುವುದೇ ಸುರಕ್ಷಿತ ಮಾರ್ಗ.

ಲೆಕ್ಕ ಒಪ್ಪಿಸುವುದು

ಹಣ ಬಂದ ದಿನ ಕೆಲಸ ಮುಗಿಯಿತೆಂದು ತಿಳಿಯಬಾರದು. ಪ್ರತಿ ಅನುದಾನಕ್ಕೂ ಪ್ರತ್ಯೇಕ ಲೆಕ್ಕ, ಪ್ರತಿ ವೆಚ್ಚಕ್ಕೂ ರಸೀದಿ, ಪ್ರತಿ ಅವಧಿಗೂ ಪ್ರಗತಿ ವರದಿ, ಕೊನೆಯಲ್ಲಿ ಲೆಕ್ಕಪರಿಶೋಧಕರ ಸಹಿಯುಳ್ಳ ವಿನಿಯೋಗ ಪ್ರಮಾಣಪತ್ರ ಇವನ್ನು ತಪ್ಪದೆ ಸಲ್ಲಿಸಬೇಕು. ಗುರಿ ಮುಟ್ಟದಿದ್ದರೆ ಮುಟ್ಟಲಿಲ್ಲವೆಂದೇ ಬರೆಯಬೇಕು.

ಈ ವಿಷಯದಲ್ಲಿ ಪುಣೆಗೆ ಸಂಬಂಧಿಸಿದ ಒಂದು ಹಳೆಯ ನಿದರ್ಶನವಿದೆ. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರು ಸತ್ಯಾಗ್ರಹ ನಡೆಸುತ್ತಿದ್ದಾಗ, 1909ರಲ್ಲಿ ಸರ್ ರತನ್ ಟಾಟಾ ಅವರು 25,000 ರೂಪಾಯಿಗಳನ್ನು ನೀಡಿದರು. ಮುಂದೆ ಮತ್ತೂ ನೀಡಿದರು. ಭಾರತದಲ್ಲಿ ಆ ಹೋರಾಟಕ್ಕೆ ಬೆಂಬಲವಾಗಿ ನಿಂತವರು, 1905ರಲ್ಲಿ ಇದೇ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದ ಗೋಪಾಲ ಕೃಷ್ಣ ಗೋಖಲೆಯವರು. ಗಾಂಧೀಜಿ ಕೃತಜ್ಞತೆ ಹೇಳಿ ಸುಮ್ಮನಾಗಲಿಲ್ಲ. 1912ರ ಏಪ್ರಿಲ್‌ನಲ್ಲಿ ರತನ್ ಟಾಟಾ ಅವರಿಗೆ ಬಹಿರಂಗ ಪತ್ರ ಬರೆದು ಹಣ ಹೇಗೆ ವಿನಿಯೋಗವಾಯಿತೆಂಬ ವಿವರವನ್ನು ಒಪ್ಪಿಸಿದರು. ಅದೇ ವರ್ಷ ಗೋಖಲೆಯವರು ಸ್ವತಃ ದಕ್ಷಿಣ ಆಫ್ರಿಕಕ್ಕೆ ಹೋಗಿ, ಸತ್ಯಾಗ್ರಹಿಗಳ ಕುಟುಂಬಗಳಿಗೆ ಆಶ್ರಯವಾಗಿದ್ದ ಟಾಲ್‌ಸ್ಟಾಯ್ ಫಾರ್ಮನ್ನೂ ನೋಡಿ ಬಂದರು. ಅನುದಾನ, ವರದಿ, ಸ್ಥಳ ಭೇಟಿ ಮೂರೂ ಅಲ್ಲಿವೆ. ಯಾವ ಕಾಯ್ದೆಯೂ ಅವರನ್ನು ಒತ್ತಾಯಿಸಿರಲಿಲ್ಲ.

ಬಂಧುಗಳೇ, ಇಷ್ಟು ಹೇಳಿದ ಮೇಲೆ ನನ್ನ ಮಾತಿನ ಸಾರ ಒಂದೇ. ಅರ್ಜಿಯೆಂಬುದು ಲೆಕ್ಕದ ಪುಸ್ತಕದ ಮೊದಲ ಪುಟ. ವರ್ಷದ ಕೊನೆಯಲ್ಲಿ ಯಾವುದನ್ನು ಒಪ್ಪಿಸಬಲ್ಲೆವೋ ಅದನ್ನೇ ವರ್ಷದ ಮೊದಲಲ್ಲಿ ಬರೆಯಬೇಕು. ಹಾಗೆ ಬರೆದವರು ಯಾರ ಮುಂದೆಯೂ ಕೈಯೊಡ್ಡಿ ನಿಂತಂತಾಗುವುದಿಲ್ಲ. ಒಂದು ಕೆಲಸಕ್ಕೆ ಪಾಲುದಾರರನ್ನು ಕರೆದಂತಾಗುತ್ತದೆ.

ನಮ್ಮ ಪಾಠಶಾಲೆ ಈಗ ಎರಡು ಕಟ್ಟಡ ಸ್ಥಳಗಳಲ್ಲಿ ನಡೆಯುತ್ತಿದೆ. ಓದಿನ ಚೀಟಿಯನ್ನು ಹಿಡಿದು ಬೇರೆ ಸ್ಥಳಗಳಿಗೆ ಹೋದ ಕೆಲವು ಮಕ್ಕಳು ಅಲ್ಲಿಯ ಶಾಲೆಗಳಿಗೆ ಸೇರಿದ ಸುದ್ದಿ ಬಂದಿದೆ. ತಮ್ಮನನ್ನು ಹೊತ್ತು ಬರುತ್ತಿದ್ದ ಆ ಹುಡುಗಿಯ ಸುದ್ದಿ ಮಾತ್ರ ಬಂದಿಲ್ಲ. ಅವಳ ಕಾಲಕ್ಕೆ ಚೀಟಿ ಇನ್ನೂ ಇರಲಿಲ್ಲ. ತಮ್ಮ ಸಂಸ್ಥೆಗಳ ಕಪಾಟಿನಲ್ಲಿ ಸಲ್ಲಿಸದೆ ಉಳಿದ ವರದಿ, ಅವಧಿ ಮುಗಿಯುತ್ತಿರುವ ಪ್ರಮಾಣಪತ್ರ ಏನಾದರೂ ಇದ್ದರೆ ನಾಳೆ ಬೆಳಿಗ್ಗೆಯೇ ಹೊರತೆಗೆದು ನೋಡಬೇಕೆಂದು ಕೋರುತ್ತೇನೆ.